ಗಂಜಿ ಬಿಡಿಸದ ಅಂಗಿ

ಒಂದು ಪಟ್ಟಣ, ಅಲ್ಲೊಬ್ಬ ಸಿರಿವಂತ. ಆತನ ಹೆಸರು ಬೇಡ, ಆತನ ಅಂಗಿಯ ವಿಷಯ ಹೇಳಿದರೆ ಸಾಕು. ಅಚ್ಚಬಿಳಿಯ ಹತ್ತಿಯ ಅಂಗಿ. ಗಂಜಿ ಹಾಕಿ, ಇಸ್ತ್ರಿ ಮಾಡಿ, ರಟ್ಟಿನಂತೆ ಸೆಟೆದು ನಿಂತದ್ದು. ಮಗಳು ತನ್ನಿಚ್ಛೆಯಂತೆ ಮದುವೆಯಾದಳೆಂಬ ಸಿಟ್ಟಿಗೆ ಏಳು ವರ್ಷ ಆಕೆಯ ಹೊಸಿಲು ತುಳಿದಿರಲಿಲ್ಲ. ಅಳಿಯನೊಡನೆ ಜಗಳವೂ ಇಲ್ಲ, ಮಾತೂ ಇಲ್ಲ. ನೋಡಿ, ಜಗಳವಾಡಬೇಕಾದರೂ ಎದುರಿಗೊಬ್ಬ ಮನುಷ್ಯನಿದ್ದಾನೆಂದು ಒಪ್ಪಬೇಕಾಗುತ್ತದೆ!

ಮೊಮ್ಮಗಳಿಗೆ ಐದು ತುಂಬುವ ವಾರ ಮಗಳು ಫೋನ್ ಮಾಡಿದಳು. "ಪುಟ್ಟಿ ಹುಟ್ಟುಹಬ್ಬಕ್ಕೆ ಹೊಸ ಬಟ್ಟೆ ತರ್ತಿಲ್ಲ ಅಪ್ಪಾಜಿ. ಎಲ್ಲರ ಹಳೇ ಅಂಗಿಗೂ ಮನೇಲೇ ಗಂಟು ಕಟ್ಟಿ ಬಣ್ಣ ಹಾಕ್ತೀವಿ. ನಿಮ್ಮದೂ ಒಂದು ತನ್ನಿ. ಆದ್ರೆ ನಮ್ಮನೆಯವರನ್ನ ಮಾತಾಡಿಸ್ದೆ ಸಂಜೆ ಎದ್ದು ಹೋದ್ರೆ, ಮತ್ತೆ ಕರೆಯೋದಿಲ್ಲ."

ಸಿರಿವಂತ ತನ್ನ ಬಿಳಿಯಂಗಿಯೊಂದನ್ನು ಹಿಡಿದು ಹೋದ. ಹಿತ್ತಲಲ್ಲಿ ಬಕೆಟ್ಟುಗಳು, ದಾರದುಂಡೆ, ಹಳೆಯ ಅಂಗಿಗಳ ರಾಶಿ. ಅಳಿಯ ಒಂದೊಂದನ್ನೂ ಬಣ್ಣ ಹಿಡಿಯಲೆಂದು ಒಗೆಯುವ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ನೆನೆಸುತ್ತಿದ್ದ. ಮಾವನ ಅಂಗಿಯನ್ನು ಮುಟ್ಟಿ ನೋಡಿ ಮೆಲ್ಲಗೆ ಹೇಳಿದ: "ಮಾವ, ಇದ್ರಲ್ಲಿ ಗಂಜಿ ಇದೆ. ಮೊದ್ಲು ಒಗೆದು ಬಿಡಿಸ್ಬೇಕು."

ಒಗೆಯಬೇಕೆ? ತನ್ನ ಅಂಗಿಯನ್ನೆ? ಮಾವನ ಮುಖ ಮಗಳ ಕಡೆ ತಿರುಗಿತು. "ನಾಗವೇಣಿ, ಅವರಿಗೆ ಹೇಳಮ್ಮ. ನನ್ನ ಅಂಗಿ ಕೊಳೆಯಾಗಿಲ್ಲ."

"ಇಲ್ಲೇ ಕೂತಿದಾರಲ್ಲ, ನೀವೇ ಹೇಳಿ. ನಾನೇನು ಟೆಲಿಫೋನ್ ಕಂಬವಾ?"

ಆತ ಮಗಳ ಕಡೆಯಿಂದಲೂ ಮುಖ ತಿರುಗಿಸಿದ. ಅಂಗಿಯನ್ನು ಹಾಗೆಯೇ ಸುರುಳಿ ಸುತ್ತಿ, ದಾರ ಬಿಗಿದು, ನೀಲಿ ಬಣ್ಣದಲ್ಲಿ ತಾನೇ ಅದ್ದಿದ.

ಊಟವಾಗಿ ಬಹಳ ಹೊತ್ತಿನ ಮೇಲೆ ಗಂಟುಗಳನ್ನು ಬಿಚ್ಚಿ ನೀರಿಗೆ ಹಾಕಿದರು. ಎಲ್ಲರ ಅಂಗಿಯಲ್ಲೂ ನೀಲಿ ಚಕ್ರಗಳು ಗಟ್ಟಿಯಾಗಿ ನಿಂತವು. ಈತನದರಿಂದ ಮಾತ್ರ ಬಣ್ಣ ಲೋಳೆಲೋಳೆಯಾಗಿ ಇಳಿದುಹೋಯಿತು. ಉಳಿದದ್ದು ಮಾಸಲು ಕಲೆ.

"ತಾತನ ಅಂಗಿ ಬಣ್ಣ ವಾಪಸ್ ಕೊಟ್ಬಿಡ್ತು!" ಮೊಮ್ಮಗಳು ಚಪ್ಪಾಳೆ ತಟ್ಟಿದಳು.

ಮಗಳು ನಗಲಿಲ್ಲ. ಹೊತ್ತು ಇಳಿಯುತ್ತಿತ್ತು. ಆಕೆ ಬಾಗಿಲಿಗೆ ಹೋಗಿ, ತಂದೆಯ ಚಪ್ಪಲಿಗಳನ್ನು ಬೀದಿಯ ಕಡೆ ತಿರುಗಿಸಿಟ್ಟಳು.

ಸಿರಿವಂತ ಆ ಚಪ್ಪಲಿಗಳನ್ನು ನೋಡಿದ. ಆಮೇಲೆ ಪಂಚೆ ಎತ್ತಿಕಟ್ಟಿ, ಒಗೆಯುವ ಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಅಂಗಿಯನ್ನು ಬಿಸಿನೀರಿನಲ್ಲಿ ಉಜ್ಜತೊಡಗಿದ. ಬೆರಳಿಗೆ ಅಂಟು ಹತ್ತಿತು. ತಲೆ ಎತ್ತಿ ಅಳಿಯನನ್ನೇ ನೋಡಿ ಕೇಳಿದ: "ಇಷ್ಟು ಸಾಕಾ, ನೋಡಿ. ನನಗೆ ಗೊತ್ತಾಗ್ತಿಲ್ಲ."

ಅಳಿಯ ಪಕ್ಕಕ್ಕೆ ಬಂದು ಕೂತ. "ಇನ್ನೊಂದ್ ಸಲ ಉಜ್ಜಿ ಮಾವ. ಕಾಲರ್ ಹತ್ರ ಇನ್ನೂ ಇದೆ."

ಈಗ ಹೇಳಿ, ಬಣ್ಣದ್ದೇನು ತಪ್ಪು? ಬಣ್ಣ ಹಿಡಿಯಬೇಕಾದರೆ ನೂಲಿನ ಒಳಕ್ಕೆ ಇಳಿಯಬೇಕು. ಇಳಿಯುವ ಸಂದುಗಳನ್ನು ಗಂಜಿ ಮುಚ್ಚಿತ್ತು. ನಾವು ತಿಂಗಳುಗಟ್ಟಲೆ ಈ ಪ್ರವಚನದಲ್ಲಿ ಕೂತು ಒಳ್ಳೆಯ ಮಾತು ಕೇಳುತ್ತೇವೆ. ಗೇಟು ದಾಟುವಷ್ಟರಲ್ಲಿ ಎಲ್ಲ ತೊಳೆದುಹೋಗುತ್ತದೆ. ಯಾಕೆ? ಕೊಳೆಯಾದರೆ ಕಣ್ಣಿಗೆ ಕಾಣುತ್ತದೆ, ಒಗೆಯುತ್ತೇವೆ. ಗಂಜಿ ಕಾಣುವುದಿಲ್ಲ, ಅದನ್ನೇ ಮರ್ಯಾದೆ ಎಂದು ತಿಳಿದಿದ್ದೇವೆ. "ನನಗೆ ಗೊತ್ತಾಗ್ತಿಲ್ಲ" ಎಂದು ಸೊಸೆಯ ಎದುರು ಎಂದಾದರೂ ಹೇಳಿದ್ದೀರಾ? ತಮ್ಮನ ಎದುರು?

ನೀವು ಇನ್ನೊಬ್ಬರ ಮೂಲಕವೇ ಮಾತಾಡಿಸುವ ಒಬ್ಬರು ನಿಮ್ಮ ಮನೆಯಲ್ಲೂ ಇರಬಹುದು. "ಊಟಕ್ಕೆ ಬರೋಕೆ ಹೇಳು ಅವರಿಗೆ" ಎನ್ನುತ್ತೀರಲ್ಲ, ಅವರೇ. ಇಂದು ನೀವೇ ಎದ್ದು ಹೋಗಿ, ಎದುರು ನಿಂತು, ಊಟಕ್ಕೆ ಕರೆಯಿರಿ. ಅವರು ಬಾರದಿದ್ದರೆ ನಾಳೆಯೂ ನೀವೇ ಹೋಗಿ ಕರೆಯಿರಿ. ಹಾಗೆ ಕರೆಯದೆ ತಟ್ಟೆಗೆ ಕೈ ಹಾಕಬೇಡಿ.