ತಂದೆ ಮೊದಲೋ, ಮಗ ಮೊದಲೋ

ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಮೂವತ್ತೊಂದು ವರ್ಷ ನನ್ನ ಕೊರೆತವನ್ನು ಸಹಿಸಿಕೊಂಡ ಸಹೋದ್ಯೋಗಿಗಳೇ, ಮುಂದಿನ ಸಾಲಿನಲ್ಲಿರುವ ನನ್ನ ಶ್ರೀಮತಿಯವರೇ, ಸಭಿಕರೇ,

ಬೀಳ್ಕೊಡುಗೆಯೆಂದು ಹೊಗಳಿ ಅಟ್ಟಕ್ಕೇರಿಸಿದಿರಿ, ಇಳಿಯಲು ಏಣಿ ನಾನೇ ಹುಡುಕಿಕೊಳ್ಳಬೇಕು. ಅಧ್ಯಕ್ಷರು ‘ಮಕ್ಕಳಿಲ್ಲದ ಇವರಿಗೆ ವಿದ್ಯಾರ್ಥಿಗಳೇ ಮಕ್ಕಳು’ ಎಂದರು. ಮಾತು ದೊಡ್ಡದು, ಆದರೆ ನಿಜವಲ್ಲ. ತಪ್ಪು ಅವರದಲ್ಲ. ಎಲ್ಲರಿಗೂ ಹಾಗೆ ಹೇಳಿಕೊಂಡು ಬಂದವನು ನಾನೇ.

ನಾನು ಕಲಿಸಿದ್ದು ತತ್ವಶಾಸ್ತ್ರ, ಅದರಲ್ಲೂ ಕ್ರೈಸ್ತರ ತ್ರಿತ್ವ. ದೇವರು ಒಬ್ಬನೇ, ಆದರೆ ತಂದೆ, ಮಗ, ಪವಿತ್ರಾತ್ಮ ಎಂದು ಮೂವರು. ಒಂದು ಹೇಗೆ ಮೂರು? ಮೂರು ಹೇಗೆ ಒಂದು? ‘ನೀರು, ಮಂಜುಗಡ್ಡೆ, ಆವಿ ಇದ್ದ ಹಾಗೆ’ ಎಂದು ಬರೆದವರಿಗೆ ಸೊನ್ನೆ ಕೊಟ್ಟಿದ್ದೇನೆ. ಅವರಲ್ಲಿಬ್ಬರು ಇಂದು ವೇದಿಕೆಯ ಮೇಲಿದ್ದಾರೆ. ಒಂದೇ ನೀರು ವೇಷ ಬದಲಿಸುತ್ತಾ ಹೋದರೆ, ಪ್ರೀತಿಸಲು ಇನ್ನೊಬ್ಬನೆಲ್ಲಿ?

ಒಂಬತ್ತು ವರ್ಷದ ಹಿಂದೆ, ಸಂಜೆ ತರಗತಿ. ‘ತಂದೆ ಮಗನಿಗಿಂತ ಮೊದಲಲ್ಲ’ ಎಂದೆ. ಹಿಂದಿನ ಬೆಂಚಿನಿಂದ ಒಬ್ಬರು, “ಅಪ್ಪ ಮೊದಲಿಲ್ದೆ ಮಗ ಎಲ್ಲಿಂದ ಬರ್ತಾನೆ ಸಾರ್?” ಎಂದರು. ‘ಸಂಬಂಧವೇ ಅಸ್ತಿತ್ವ’ ಎಂದು ಬೋರ್ಡಿನ ಮೇಲೆ ಬರೆದೆ. ತರಗತಿ ಆಕಳಿಸಿತು. ಆಗ ಹೆರಿಗೆ ವಾರ್ಡಿನ ನರ್ಸ್ ಒಬ್ಬರು, ಡ್ಯೂಟಿ ಮುಗಿಸಿ ನೇರ ಬಂದು ಬೆಂಚಿನ ಕೆಳಗೆ ಬೂಟು ಕಳಚಿಟ್ಟು ಕೂತಿದ್ದವರು, ಬಾಯಿ ಬಿಟ್ಟರು.

“ಇಪ್ಪತ್ತು ವರ್ಷದಿಂದ ನೋಡ್ತಿದೀನಿ ಸಾರ್. ಬಾಗಿಲ ಹೊರಗೆ ನಿಂತಿರೋನು ಅಲ್ಲಿ ತನಕ ಬರೀ ಒಬ್ಬ ಗಂಡಸು. ಒಳಗೆ ಮಗು ಅಳ್ತು ಅಂದ್ರೆ ಹೊರಗೆ ಅಪ್ಪ ಹುಟ್ದ ಅಂತ. ಇವನು ಒಂದು ಕ್ಷಣ ಮುಂದಿಲ್ಲ, ಅವನು ಒಂದು ಕ್ಷಣ ಹಿಂದಿಲ್ಲ.”

ಹೋಲಿಕೆ ಪೂರ್ತಿ ಸರಿಯಲ್ಲ. ದೇವರಲ್ಲಿ ಹುಟ್ಟಿನ ಗಳಿಗೆಯೇ ಇಲ್ಲ, ಅಲ್ಲಿ ತಂದೆ ಎಂದೆಂದಿಗೂ ತಂದೆ. ಅದನ್ನು ಹೇಳಬೇಕಿತ್ತು. ನನ್ನ ಬಾಯಿಂದ ಬಂದದ್ದು ಬೇರೆಯೇ. “ಆ ಮಗು ನಲವತ್ತು ನಿಮಿಷ ಮಾತ್ರ ಇದ್ದು ಹೋದರೆ?”

ಆ ಪ್ರಶ್ನೆ ಪಠ್ಯದಲ್ಲಿರಲಿಲ್ಲ. ಆಕೆ ನನ್ನ ಮುಖ ನೋಡಿದರು; ಬರಿಗಾಲಲ್ಲೇ ಎದ್ದು ನಿಂತರು.

“ಹುಟ್ಟಿದ ಅಪ್ಪ ಹೋಗಲ್ಲ ಸಾರ್.”

ಸಭಿಕರೇ, ಇದನ್ನೆಲ್ಲ ಹೇಳಬೇಕೆಂದು ನಾನು ಬಂದಿರಲಿಲ್ಲ. ಕೈಯಲ್ಲಿರುವ ಕಾಗದದಲ್ಲಿ ಬರೀ ವಂದನೆಗಳಿವೆ. ಆದರೂ ಶುರು ಮಾಡಿದ್ದನ್ನು ಮುಗಿಸಿಬಿಡುತ್ತೇನೆ.

ಅಂದು ರಾತ್ರಿ ಮನೆಗೆ ಹೋದೆ. ಶ್ರೀಮತಿ ಒಣಗಿದ ಬಟ್ಟೆ ಮಡಚುತ್ತಿದ್ದಳು. “ನಮಗೊಬ್ಬ ಮಗ ಇದ್ದ” ಎಂದೆ. ಅವನು ಹೋದ ಮೇಲಿನ ಇಪ್ಪತ್ನಾಲ್ಕು ವರ್ಷದಲ್ಲಿ ಮೊದಲ ಸಲ.

“ನಂಗೊತ್ತು. ನಿಮ್ಮ ಬಾಯಲ್ಲಿ ಯಾವಾಗ ಬರುತ್ತೋ ಅಂತ ಕಾಯ್ತಿದ್ದೆ” ಎಂದಳು. ಮಡಚಿದ್ದನ್ನು ಪಕ್ಕಕ್ಕಿಟ್ಟಳು. “ಅವತ್ತು ನನಗೆ ಏಳೋಕಾಗ್ತಿರ್ಲಿಲ್ಲ. ಅವನು ನಿಮ್ಮ ಕೈಯಲ್ಲಿದ್ದ. ನೀವು ಅವನನ್ನ ನೋಡ್ತಿದ್ರಿ, ಅವನು ಕಣ್ಣು ಬಿಟ್ಟು ನಿಮ್ಮನ್ನ ನೋಡ್ತಿದ್ದ. ನಿಮ್ಮಿಬ್ಬರ ನಡುವೆ ಏನೋ ಇತ್ತು ಕಣ್ರೀ. ಕೋಣೆ ತುಂಬ ಇತ್ತು. ನನ್ನ ಹಾಸಿಗೆ ತನಕ ಬಂತು.”

ತಂದೆ ಮಗನ ನಡುವಿನ ಪ್ರೀತಿಯೇ ಪವಿತ್ರಾತ್ಮನೆಂಬ ಆ ಮೂರನೆಯವನು, ಅವರಷ್ಟೇ ನಿಜವಾದವನು ಎಂದು ಹಿಂದಿನವರು ವಿವರಿಸಿದ್ದಾರೆ. ಪ್ರತಿ ವರ್ಷ ನಾನದನ್ನು ಓದಿ ಹೇಳಿದೆ. ಟಿಪ್ಪಣಿಯ ಹಾಳೆ ಹಳದಿಯಾಯಿತು. ಕಣ್ಣಾರೆ ಕಂಡವಳು ನನ್ನೆದುರೇ ಕೂತು ದಿನವೂ ಊಟ ಮಾಡುತ್ತಿದ್ದಳು. ಒಮ್ಮೆಯಾದರೂ ಕೇಳಿದೆನೇ? ಒಮ್ಮೆಯಾದರೂ?

ಮಗನಿಗೆಂದು ತಾನೊಬ್ಬಳೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಹೆಸರನ್ನು ಅಂದು ಅವಳು ಹೇಳಿದಳು. ಅದನ್ನು ಇಲ್ಲಿ ಹೇಳಲಾರೆ, ಕ್ಷಮಿಸಿ. ಅಂದು ಆ ಬಟ್ಟೆಗಳ ನಡುವೆ ಕೂತು ಒಂದೇ ಒಂದು ಸಲ ಗಟ್ಟಿಯಾಗಿ ಕರೆದೆ. ಕೋಣೆ ತುಂಬಿತು.

ಇಷ್ಟು ಹೊತ್ತು ಕೇಳಿಸಿಕೊಂಡ ನಿಮಗೂ, ಈ ಪಾಠ ನನಗೆ ಕಲಿಸಿದ ಇಬ್ಬರು ಹೆಂಗಸರಿಗೂ ಕೈಮುಗಿಯುತ್ತೇನೆ. ನಮಸ್ಕಾರ.