ಸರಾಸರಿ ಮೂವತ್ತೆಂಟು

"ಹಲೋ... ಯಾರು ಮಾತಾಡ್ತಿರೋದು? ನೀರು ಪರೀಕ್ಷೆ ಮಾಡೋ ಆಫೀಸೇ ತಾನೇ?"

ಅಂಗಡಿಯ ಬಾಗಿಲನ್ನು ಅರ್ಧ ಎಳೆದು, ಅಳತೆ ಟೇಪನ್ನು ಕೊರಳಲ್ಲೇ ಬಿಟ್ಟುಕೊಂಡು ದರ್ಜಿ ಫೋನು ಹಚ್ಚಿದ್ದಳು. ಮೇಜಿನ ಮೇಲೆ, ಅರ್ಧ ಹೊಲಿದ ಕೋಟಿನ ಪಕ್ಕ, ಊರಿನ ನಲ್ಲಿ ನೀರಿನ ವರದಿಯ ಜೆರಾಕ್ಸು. ಹಿಂದಿನ ಕೋಣೆಯಲ್ಲಿ ಮಗಳು ಒಲೆ ಹಚ್ಚುತ್ತಿದ್ದಳು. ಎರಡು ತಿಂಗಳ ಮೊಮ್ಮಗು ಎರಡು ದಿನದಿಂದ ಸಪ್ಪಗಿತ್ತು. ನೀರಿನದೇ ದೋಷವಿರಬಹುದೇ ಎಂಬ ಅನುಮಾನ ದರ್ಜಿಗೆ.

"ಹಾಂ... ಇಲ್ಲ ಇಲ್ಲ, ದೂರಲ್ಲ. ಓದೋಕೆ ಬರುತ್ತೆ, ಅರ್ಥ ಆಗ್ಲಿಲ್ಲ, ಅಷ್ಟೇ."

...

"ನಮ್ಮ ಬೀದಿದು ನಾಲ್ಕನೇ ಸಾಲು. ನೈಟ್ರೇಟ್ ಅಂತಿದೆ. ಮಿತಿ ನಲವತ್ತೈದು, ನಮ್ಮದು ಮೂವತ್ತೆಂಟು. ಷರಾ, ಕುಡಿಯಲು ಯೋಗ್ಯ. ಸರಿ ಅಲ್ವಾ?"

...

"ಸರಿನಾ. ಸಂತೋಷ. ಹಾಗಾದ್ರೆ ಹಿಂದಿನ ಪುಟದಲ್ಲಿ ಹೋದ ತಿಂಗಳದ್ದು ಅರವತ್ತೊಂಬತ್ತು, ಈ ತಿಂಗಳದ್ದು ಎಪ್ಪತ್ತೊಂದು ಅಂತ ಯಾಕಿದೆ?"

...

"ಓ, ಮೂವತ್ತೆಂಟು ಅನ್ನೋದು ಇಡೀ ವರ್ಷದ ಸರಾಸರಿನಾ... ಹನ್ನೆರಡು ತಿಂಗಳದ್ದು ಕೂಡಿಸಿ ಭಾಗಿಸಿದ್ದು... ನಿಮ್ಮಲ್ಲಿ ಹಾಗೇ ಬರೆಯೋದಾ?"

...

"ನೋಡಿ ಸ್ವಾಮಿ, ನಾನು ದರ್ಜಿ. ಹನ್ನೆರಡು ಜನರ ಸೊಂಟ ಅಳೆದು, ಕೂಡಿಸಿ ಭಾಗಿಸಿ, ಒಂದೇ ಅಳತೆಗೆ ಹನ್ನೆರಡು ಪ್ಯಾಂಟು ಹೊಲಿದ್ರೆ ಲೆಕ್ಕ ಸರಿಯಾಗೇ ಇರುತ್ತೆ. ಜನ ಬೀದೀಲಿ ಹೇಗೆ ಓಡಾಡ್ತಾರೆ?"

...

"ನಗಬೇಡಿ. ನಮ್ಮ ಕೂಸು ಹುಟ್ಟಿ ಎರಡೇ ತಿಂಗಳು. ಅದು ಸರಾಸರಿ ಕುಡಿದಿಲ್ಲ. ಅರವತ್ತೊಂಬತ್ತು ಕುಡೀತು, ಈಗ ಎಪ್ಪತ್ತೊಂದು ಕುಡೀತಿದೆ."

...

"ಇಲ್ಲ, ತಾಯಿಗೆ ಹಾಲು ಸಾಲ್ತಿಲ್ಲ. ಡಬ್ಬಿ ಪುಡಿ, ನಲ್ಲಿ ನೀರಲ್ಲಿ ಕಲಸೋದು... ಯಾಕೆ, ದನಿ ಇಳಿಸಿದ್ರಿ? ಸಾಹೇಬ್ರು ಪಕ್ಕದಲ್ಲಿ ಕೂತಿದಾರಾ?"

...

"ಗಾಬರಿ ಯಾಕೆ? ನಾವೇನು ಹಸಿ ನೀರು ಕೊಡ್ತೀವಾ? ಪಾತ್ರೆ ನೀರು ಅರ್ಧಕ್ಕೆ ಇಳಿಯೋವರೆಗೂ ಕುದಿಸು ಅಂತ ಮಗಳಿಗೆ ನಾನೇ ಹೇಳಿಕೊಟ್ಟಿದೀನಿ. ಮೂರು ಮಕ್ಕಳನ್ನ ಸಾಕಿದ ಕೈ ಇದು."

ಈ ಸಲ ಆ ಕಡೆಯ ಮಾತು ಉದ್ದವಾಯಿತು. ಕೋಟಿನ ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಸುಮ್ಮನೆ ಗೆರೆ ಎಳೆಯುತ್ತಿದ್ದ ದರ್ಜಿಯ ಕೈ ನಿಂತಿತು.

"ಹಾಂ?... ಇನ್ನೊಂದ್ಸಲ ಹೇಳಿ... ಕುದಿಸಿದ್ರೆ ಅದು ಹೋಗಲ್ವಾ? ಆವಿಯಾಗೋದು ನೀರು ಮಾತ್ರ... ಹಾಗಾದ್ರೆ ಅರ್ಧಕ್ಕೆ ಇಳಿಸಿದ್ರೆ ಎಪ್ಪತ್ತೊಂದರ ಎರಡಷ್ಟು. ಅಲ್ವಾ?... ಹೇಳಪ್ಪಾ, ಅಲ್ವಾ?"

...

"ತುಟಿನಾ?... ಒಂಥರಾ ಬೂದು. ನೀಲಿ ಅಂತಲೇ ಅನ್ನಿ. ಚಳಿ ಅಂದ್ಕೊಂಡ್ವಿ. ನಾನೇ ಇನ್ನೊಂದು ಉಣ್ಣೆ ಅಂಗಿ ಹೊಲಿದು ಹಾಕ್ದೆ."

ಗಿರಾಕಿಯ ಅಳತೆ ಓದುವಾಗಿನದೇ ದನಿ. ಏರಲಿಲ್ಲ, ಇಳಿಯಲಿಲ್ಲ. ಸುಣ್ಣದ ತುಂಡು ಮಾತ್ರ ಬೆರಳ ನಡುವೆ ಮುರಿಯಿತು.

"ಚಳಿಯಲ್ವಾ? ನೈಟ್ರೇಟು ಕೂಸಿನ ರಕ್ತಕ್ಕೆ ಸೇರಿ ತುಟಿ ನೀಲಿ ಆಗೋದಾ?... ಈಗಿಂದೀಗ್ಲೇ ಆಸ್ಪತ್ರೆಗೆ... ಡಾಕ್ಟರಿಗೆ ಅಂಕಿ ಹೇಳ್ಬೇಕಾ? ತಾಳಿ, ಬರ್ಕೋತೀನಿ... ಏ ಮಗಳೇ, ಒಲೆ ಆರಿಸು! ಪ್ರಶ್ನೆ ಆಮೇಲೆ, ಮೊದ್ಲು ಆರಿಸು. ಆ ಸೀಸೆ ಕೆಳಗಿಡು. ಕೂಸನ್ನ ಎತ್ಕೋ!"

...

"ನಿಮಗಲ್ಲ ಹೇಳಿದ್ದು... ದೂರು ಅಂತ ದಾಖಲಿಸ್ಲಾ ಅಂತೀರಾ? ಇಷ್ಟು ಹೊತ್ತಿಗೆ ಅದು ದೂರಾಯ್ತಾ? ದಾಖಲಿಸಿ. ನಮ್ಮ ಬೀದೀಲಿ ಇನ್ನೂ ಎರಡು ಕೂಸಿವೆ. ಆ ವರದೀಲಿ 'ಯೋಗ್ಯ' ಅನ್ನೋದನ್ನ ಮೊದ್ಲು ಹೊಡೆದುಹಾಕಿ."

...

"ಅಧಿಕಾರ ಇಲ್ವಾ... ಪೆನ್ನು ಇದೆ ತಾನೇ?"

...

"ಹಲೋ?... ಹಲೋ?"

ಅಂಗೈಯಲ್ಲಿ ಬರೆದಿದ್ದ ಎಪ್ಪತ್ತೊಂದನ್ನು ಅವಳು ಹೆಬ್ಬೆರಳಿನಿಂದ ಒರೆಸಿ, ನೂರ ನಲವತ್ತೆರಡು ಎಂದು ತಿದ್ದಿದಳು. ಲೈನು ಯಾರ ಕಡೆಯಿಂದ ಕಡಿಯಿತೆಂದು ಯೋಚಿಸಲು ಅವಳು ಅಲ್ಲಿ ನಿಲ್ಲಲಿಲ್ಲ.