ಏಳನೇ ಗುಂಡಿಯ ಕೆಳಗಿನ ಬರೆ

ನನ್ನ ಹೆಸರು ಸೌಮ್ಯ, ಗಂಡ ಶಶಿಕುಮಾರ್, ವಯಸ್ಸು 48 ವರ್ಷ, ಭೂಗೋಳಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ, ಉದ್ಯೋಗ ಅಂತರ್ಜಲ ನಕ್ಷೆ ತಯಾರಿಕೆ, ವಾಸ ಕುಶಾಲನಗರ. ಈ ದಿನ ಮಧ್ಯಾಹ್ನ 12.50ಕ್ಕೆ ಪೊಲೀಸ್ ಠಾಣೆಗೆ ಖುದ್ದಾಗಿ ಬಂದು ಹೇಳಿ ಬರೆಸುತ್ತಿರುವುದೇನೆಂದರೆ:

ಕುಟ್ಟದಿಂದ ಹನ್ನೊಂದು ಕಿ.ಮೀ. ದೂರದ ಕಾಫಿ ತೋಟವೊಂದರಲ್ಲಿ ಬೋರ್‌ವೆಲ್‌ಗಳು ಬತ್ತಿದ್ದರಿಂದ, ಮಳೆನೀರು ಇಂಗಿಸುವ ಗುಂಡಿಗಳಿಗೆ ಜಾಗ ಗುರುತಿಸುವ ಕೆಲಸವನ್ನು ನನಗೆ ವಹಿಸಿದ್ದರು. ಇಳಿಜಾರು, ಮಣ್ಣು, ಬಂಡೆಯ ಬಿರುಕು, ತೊರೆಗಳ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಇಟ್ಟು ನೋಡಿದಾಗ ಒಂಬತ್ತು ಜಾಗಗಳು ಹಸಿರು ಬಣ್ಣದಲ್ಲಿ ಬಂದವು. ಹಸಿರೆಂದರೆ ಯೋಗ್ಯ.

ದಿನಾಂಕ 11-02-2025ರಂದು ಬೆಳಿಗ್ಗೆ 11.20ಕ್ಕೆ ಏಳನೇ ಜಾಗ ನೋಡಲು ಮೇಲಿನ ರಸ್ತೆಯಿಂದ ಹೋದೆ. ಅಲ್ಲಿ ಕಾಫಿ ಕುಯ್ಯುತ್ತಿದ್ದ ಸಣ್ಣಿ ಎಂಬವರು, ಸುಮಾರು 60 ವರ್ಷ, ಅದೇ ತೋಟದ ಕಾರ್ಮಿಕರ ಸಾಲುಮನೆ ಅಂದರೆ ಲೈನ್‌ಮನೆಯಲ್ಲಿ ವಾಸ, ಗಿಡಗಳ ಆಚೆಗೆ ಕೈ ತೋರಿಸಿ, "ಅಮ್ಮಾ, ಬರೆ. ಅಲ್ಲಿ ಬರೆ" ಎಂದರು. ಪುಸ್ತಕ ನನ್ನ ಕೈಯಲ್ಲಿ ತೆರೆದೇ ಇತ್ತು. ಬರೆದುಕೊ ಎನ್ನುತ್ತಿದ್ದಾರೆಂದು ತಿಳಿದು, ಬರೆಯುತ್ತಿದ್ದೇನೆ ಎಂದು ಹೇಳಿ, ಏಳನೇ ಜಾಗದ ಮುಂದೆ ಸರಿ ಗುರುತು ಹಾಕಿದೆ. ಕೊಡಗಿನಲ್ಲಿ ಗೋಡೆಯಂತೆ ಕಡಿದಾಗಿ ನಿಂತ ಮಣ್ಣಿಗೂ ಬರೆ ಎನ್ನುತ್ತಾರೆ. ಪ್ರತಿ ಮಳೆಗಾಲ ಪತ್ರಿಕೆಯಲ್ಲಿ ಈ ಪದ ಓದಿದವಳು ನಾನು. ಅಂದು ಹೊಳೆಯಲಿಲ್ಲ. ಇಪ್ಪತ್ತು ಹೆಜ್ಜೆ ಆಚೆ ಹೋಗಿ ನೋಡಲೂ ಇಲ್ಲ.

ಏಪ್ರಿಲ್‌ನಲ್ಲಿ ಅಲ್ಲಿ 12 ಮೀಟರ್ ಉದ್ದ, 3 ಮೀಟರ್ ಅಗಲ, 2 ಮೀಟರ್ ಆಳದ ಗುಂಡಿ ತೆಗೆದರು.

ಈ ದಿನ 18-07-2025ರಂದು ಬೆಳಿಗ್ಗೆ 9.40ಕ್ಕೆ ಗುಂಡಿಗಳ ನೀರಿನ ಮಟ್ಟ ಅಳೆಯಲು ಹೋದೆ. ಮೂರು ದಿನದಲ್ಲಿ ಹನ್ನೊಂದು ಇಂಚು ಮಳೆ ಬಿದ್ದಿತ್ತು. ಎಂಟು ಗುಂಡಿಗಳು ತುಂಬಿದ್ದವು. ಏಳನೆಯದು ಖಾಲಿಯಾಗಿತ್ತು, ಬಿದ್ದ ನೀರೆಲ್ಲ ಇಂಗಿತ್ತು. ಆಗ ನನಗೆ ಸಂತೋಷವಾಯಿತು ಎಂಬುದನ್ನೂ ದಾಖಲಿಸಿಕೊಳ್ಳಬೇಕು.

10.30ಕ್ಕೆ ಮೊದಲ ಸಲ ಕೆಳಗಿನ ಲೈನ್‌ಮನೆಗಳ ಕಡೆ ಇಳಿದೆ. ಐದು ಮನೆ, ಹತ್ತೊಂಬತ್ತು ಜನ. ಹಿತ್ತಿಲಿನಿಂದ ಆರು ಮೀಟರ್ ದೂರಕ್ಕೆ ಒಂಬತ್ತು ಮೀಟರ್ ಎತ್ತರದ ಬರೆ, ಅದರ ನೆತ್ತಿಯ ಮೇಲೆ ನನ್ನ ಗುಂಡಿ. ನಕ್ಷೆಯ ಒಂದು ಚೌಕ ಮೂವತ್ತು ಮೀಟರ್. ಈ ಬರೆಯ ಉದ್ದ ಇಪ್ಪತ್ತು. ಅದು ಚೌಕದ ಸರಾಸರಿ ಇಳಿಜಾರಿನೊಳಗೆ ಅಡಗಿಬಿಟ್ಟಿತ್ತು.

ಸಣ್ಣಿ ನನ್ನ ಗುರುತು ಹಿಡಿದು, "ಅವತ್ತೇ ಬರೆ ಅಂದೆ. ನೀವು ಬರ್ಕೊಂಡ್ ಹೋದ್ರಿ" ಎಂದರು. ಪಕ್ಕದ ಮನೆಯ ಕಾಳಿ ಎಂಬವರು, "ಓದ್ದೋರು ಬರೀದೆ ಇನ್ನೇನ್ ಮಾಡ್ತಾರೆ!" ಎಂದು ನಕ್ಕರು. ಬರೆಯ ಬುಡದಲ್ಲಿ ಸಣ್ಣಿಯ ತಾಯಿಯ ಕಾಲದಿಂದ ಹರಿಯುತ್ತಿದ್ದ ಒರತೆ ಇದೆ. ನಿನ್ನೆ ಸಂಜೆಯಿಂದ, ಅಷ್ಟು ಮಳೆಯಲ್ಲೂ, ಅದು ನಿಂತುಹೋಗಿದೆ. "ನೀರು ಎಲ್ಲೋಯ್ತಮ್ಮಾ? ನಿಮ್ ಕಂಪ್ಯೂಟರಲ್ಲಿ ನೋಡಿ" ಎಂದರು. ನೀರು ಎಲ್ಲಿದೆ ಎಂದು ನನಗೆ ತಿಳಿದಿತ್ತು: ಗುಂಡಿಯಿಂದ ಇಂಗಿ ಬರೆಯ ಮಣ್ಣಿನೊಳಗೇ ಕಟ್ಟಿ ನಿಂತಿತ್ತು. ಮೇಲೆ ಹತ್ತಿ ನೋಡಿದಾಗ ಗುಂಡಿಗೂ ಬರೆಯ ಅಂಚಿಗೂ ನಡುವೆ 14 ಮೀಟರ್ ಉದ್ದದ ಸೀಳು, ನಾಲ್ಕು ಬೆರಳು ಅಗಲ.

ಕೂಡಲೇ ಮನೆ ಬಿಡುವಂತೆ ಹೇಳಿದೆ. ಸಣ್ಣಿ, "ರೈಟರು ಹೇಳ್ಲಿ, ಹೋಗ್ತೀವಿ. ಹೇಳ್ದೆ ಹೋದ್ರೆ ಲೈನ್ ಬೇರೆಯೋರಿಗೆ ಕೊಟ್ಬಿಡ್ತಾರೆ" ಎಂದರು. ನನ್ನ ನಂಬರ್ ಕೊಟ್ಟು, 11.45ಕ್ಕೆ ತೋಟದ ಲೆಕ್ಕ, ಆಳುಗಳನ್ನು ನೋಡಿಕೊಳ್ಳುವ ರೈಟರ್ ದೇರಪ್ಪನವರನ್ನು ಕಂಡೆ. ಅವರು ಗೋಡೆಯ ಮೇಲಿದ್ದ ನನ್ನ ನಕ್ಷೆ ತೋರಿಸಿ, "ಹಸಿರು ಉಂಟಲ್ಲ ಮೇಡಂ? ಕೆಳಗೆ ಸೈನು ಯಾರ್ದು? ಖಾಲಿ ಮಾಡಿಸಬೇಕಾದ್ರೆ ಬರೆದು ಕೊಡಿ, ಆಮೇಲೆ ನೋಡುವ" ಎಂದರು.

ಆದ್ದರಿಂದ ಇಲ್ಲಿ ಬರೆಸಿ ಕೊಡುತ್ತಿದ್ದೇನೆ. ಏಳನೇ ಜಾಗದ ಹಸಿರು ತಪ್ಪು. ಆ ತಪ್ಪು ನನ್ನದು. ಹತ್ತೊಂಬತ್ತು ಜನರನ್ನು ತಕ್ಷಣ ಅಲ್ಲಿಂದ ಎಬ್ಬಿಸಬೇಕು.

ಇಷ್ಟು ಬರೆಸುವಾಗ 1.35ಕ್ಕೆ ಸಣ್ಣಿಯವರಿಂದ ಫೋನ್ ಬಂತು. "ನೀರು ಬಂತಮ್ಮಾ!" ಎಂದರು. ಬಣ್ಣ ಹೇಗಿದೆ ಎಂದು ಕೇಳಿದೆ. "ಕೆಂಪು" ಎಂದರು. ಕೆಂಪೆಂದರೆ ಬರೆಯ ಒಳಗಿನ ಮಣ್ಣು ಕಳಚಿ ಬರುತ್ತಿದೆ. ಎಲ್ಲವನ್ನೂ ಬಿಟ್ಟು ಎಲ್ಲರೂ ಓಡಿ ಎಂದು ಕೂಗಿ ಹೇಳಿದೆ. ಎರಡು ಕೊಡ ತುಂಬಿಸಿಕೊಂಡು ಹೋಗುವುದಾಗಿ ಹೇಳಿದರು. ಆಮೇಲೆ ಲೈನ್ ಸಿಗುತ್ತಿಲ್ಲ.

ಠಾಣೆಯ ಜೀಪು ಅಲ್ಲಿಗೆ ಹೊರಡುತ್ತಿರುವುದರಿಂದ ಹೇಳಿಕೆಯನ್ನು ಪೂರ್ತಿ ಓದಿಸಿ ಕೇಳಲು ನಿಂತಿಲ್ಲ. ನಾನು ಹೇಳಿದ್ದೆಲ್ಲ ನಿಜ.

ಸ್ಥಳ: ಕುಟ್ಟ
ದಿನಾಂಕ: 18-07-2025, ಮಧ್ಯಾಹ್ನ 1.40
ಸಹಿ: ಸೌಮ್ಯ